‘ಬದಲಾಯಿಸ್ಲಾ?’ ಎಂದು ಕೇಳಿದ ತಪ್ಪು

ಯಾರ ಮನೆಗೆ ಹೋದರೂ ನಾನು ಮೊದಲು ಮೂಗನ್ನು ಅಡುಗೆಮನೆಯ ಕಡೆ ತಿರುಗಿಸುತ್ತೇನೆ. ಮದುವೆ ಮನೆಯಾದರೂ ಅಷ್ಟೇ, ಸಾವಿನ ಮನೆಯಾದರೂ ಅಷ್ಟೇ. ನಿವೃತ್ತಳಾಗಿ ಇಷ್ಟು ಕಾಲವಾದರೂ ಈ ಚಾಳಿ ಹೋಗಿಲ್ಲ. ಅಕ್ಕ ಬೈಯುತ್ತಾಳೆ: “ಬಂದೋರು ಮೊದ್ಲು ಹೇಗಿದ್ದೀರಾ ಅಂತ ಕೇಳ್ತಾರೆ ಕಣೇ. ನೀನು ಟ್ಯೂಬ್ ಯಾವ ವರ್ಷದ್ದು ಅಂತ ಕೇಳ್ತೀಯಲ್ಲ!”

ಜಯನಗರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ನಾನು ತೊಂಬತ್ತರ ದಶಕದ ಆರಂಭದಿಂದ ಮುಂದಿನ ದಶಕದ ಕೊನೆಯವರೆಗೆ ಕೆಲಸ ಮಾಡಿದೆ. ಮೊದಲು ಬುಕಿಂಗ್ ಫೋನಿನ ಮುಂದೆ ಕೂತಿದ್ದೆ. ಆಮೇಲೆ, ಹೆಂಗಸಾದರೆ ಅಡುಗೆಮನೆಯೊಳಗೆ ಸಲೀಸಾಗಿ ಬಿಟ್ಟುಕೊಳ್ಳುತ್ತಾರೆ ಎಂದು ಮನೆಮನೆ ತಪಾಸಣೆಗೆ ಹಾಕಿದರು. ಸ್ಟೌ, ಟ್ಯೂಬ್, ರೆಗ್ಯುಲೇಟರ್ ನೋಡುವುದು, ಚೀಟಿ ಬರೆಯುವುದು, ಮುಂದಿನ ಮನೆ. ಈಗ ಈ ಕೆಲಸಕ್ಕೆ ಸೇರುವವರಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದನ್ನು ತರಬೇತಿಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಸ್ಟೌ ಮುಂದೆ ನಿಂತ ಮನುಷ್ಯರು ಹೇಗೆ ತೀರ್ಮಾನ ಮಾಡುತ್ತಾರೆ ಎನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದು ತಿಳಿಯದೆ ನಾನು ಬಿಟಿಎಂ ಲೇಔಟಿನ ಒಂದು ಮನೆಯಲ್ಲಿ ಇಬ್ಬರ ಜೀವದ ಜೊತೆ ಆಟವಾಡಿದ್ದೇನೆ. ಅದನ್ನೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಬಿ.ಎ., ಅರ್ಥಶಾಸ್ತ್ರ. ನಮಗೆ ಪಾಠ ಮಾಡುತ್ತಿದ್ದ ಶ್ಯಾಮಲಾ ಮೇಡಂ ಮೊದಲ ದಿನವೇ ಬೋರ್ಡಿನ ಮೇಲೆ ತಕ್ಕಡಿಯೊಂದನ್ನು ಬರೆದಿದ್ದರು. ಒಂದು ತಟ್ಟೆಯಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಮನುಷ್ಯ ಎರಡನ್ನೂ ತೂಗಿ ನೋಡಿ ತನಗೆ ಒಳ್ಳೆಯದಾದದ್ದನ್ನು ಆರಿಸಿಕೊಳ್ಳುತ್ತಾನೆ ಎಂದರು. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲೂ ಅದನ್ನೇ ಬರೆದೆವು.

ಆ ತಕ್ಕಡಿಯನ್ನು ಹಿಡಿದುಕೊಂಡೇ ನಾನು ಅಡುಗೆಮನೆಗಳಿಗೆ ಹೋದೆ. ಒಂದು ತಟ್ಟೆಯಲ್ಲಿ ಮೊಳದುದ್ದದ ರಬ್ಬರ್ ಟ್ಯೂಬು, ಐದು ನಿಮಿಷದ ಕೆಲಸ. ಇನ್ನೊಂದರಲ್ಲಿ ಮನೆ, ಮಕ್ಕಳು, ಪ್ರಾಣ. ಯಾರಾದರೂ ಬೇಡ ಅನ್ನುವುದುಂಟೇ?

ಎಲ್ಲರೂ ಬೇಡ ಅಂದರು.

ಹನುಮಂತನಗರದಲ್ಲಿ ನಿವೃತ್ತ ಇಂಜಿನಿಯರೊಬ್ಬರು ನನ್ನನ್ನು ಕೂರಿಸಿ, ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ ಎಂದು ಕಾಗದದಲ್ಲಿ ಚಿತ್ರ ಬರೆದು ತಿಳಿಸಿದರು. ಅವರ ಮನೆಯ ಟ್ಯೂಬಿಗೆ ಒಂಬತ್ತು ವರ್ಷವಾಗಿತ್ತು. ನಡುವೆ ಕಪ್ಪು ಟೇಪು ಸುತ್ತಿದ್ದರು.

“ಬದಲಾಯಿಸ್ಲಾ ಸಾರ್?” ಅಂದೆ.

“ಇಷ್ಟು ವರ್ಷ ಏನೂ ಆಗಿಲ್ವಲ್ಲಮ್ಮ,” ಅಂದರು.

ಈ ಮಾತನ್ನು ಎಷ್ಟು ಬಾಗಿಲಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಒಂದೊಂದು ವರ್ಷ ಏನೂ ಆಗದೆ ಕಳೆದ ಹಾಗೆಲ್ಲ ಟ್ಯೂಬು ಹಳೆಯದಾಗುತ್ತಿತ್ತು, ಮನೆಯವರ ಧೈರ್ಯ ಹೊಸದಾಗುತ್ತಿತ್ತು.

ನಮ್ಮ ಮೆಕ್ಯಾನಿಕ್ ಪುಟ್ಟಸ್ವಾಮಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಒಂದು ಬೀದಿಗೆ ಹೋದರೆ ಹತ್ತಕ್ಕೆ ಎಂಟು ಮನೆಯಲ್ಲಿ ಹೊಸ ಟ್ಯೂಬು ಹಾಕಿ ಬರುತ್ತಿದ್ದರು. ಗುಟ್ಟೇನೆಂದು ನೋಡಲು ಒಂದು ದಿನ ಬನಶಂಕರಿಯಲ್ಲಿ ಅವರ ಹಿಂದೆಯೇ ಹೋದೆ. ಮೊದಲ ಮನೆಯಲ್ಲಿ ಕಿತ್ತ ಹಳೆಯ ಟ್ಯೂಬನ್ನು ಚೀಲಕ್ಕೆ ಹಾಕದೆ ಹಾವಿನ ಹಾಗೆ ಹೆಗಲ ಮೇಲೆ ಇಳಿಬಿಟ್ಟುಕೊಂಡು ಎರಡನೇ ಮನೆಯ ಬೆಲ್ ಒತ್ತಿದರು.

“ಏನಪ್ಪಾ ಅದು?” ಅಂದರು ಮನೆಯ ಹೆಂಗಸು.

“ಪಕ್ಕದ್ಮನೇದು ಅಕ್ಕ. ನೋಡಿ, ಬಗ್ಗಿಸಿದ್ರೆ ಹೆಂಗೆ ಬಾಯಿ ಬಿಡತ್ತೆ.”

“ಅಯ್ಯೋ, ಅವರು ಹಾಕಿಸ್ಕೊಂಡ್ರಾ? ಹಾಗಾದ್ರೆ ನಮ್ದೂ ನೋಡ್ಬಿಡಿ.”

ಹೊರಗೆ ಬಂದಮೇಲೆ ಪುಟ್ಟಸ್ವಾಮಣ್ಣ ಕಣ್ಣು ಮಿಟುಕಿಸಿದರು. “ಜನ ಜೀವಕ್ಕೆ ಹೆದ್ರಲ್ಲ ಗಿರಿಜಮ್ಮ. ಪಕ್ಕದ್ಮನೆಯವರಿಗಿಂತ ಹಿಂದೆ ಬೀಳೋದಕ್ಕೆ ಹೆದರ್ತಾರೆ. ನಿಮ್ಮ ಕಾಲೇಜಲ್ಲಿ ಇದನ್ನ ಹೇಳಿಕೊಡ್ಲಿಲ್ವಾ?”

ಹೇಳಿಕೊಟ್ಟಿರಲಿಲ್ಲ. ನಾನೂ ಕಲಿಯಲಿಲ್ಲ. ಹೆಗಲ ಮೇಲೆ ಕೊಳಕು ಟ್ಯೂಬು ಹಾಕಿಕೊಂಡು ಓಡಾಡಲು ಪದವೀಧರೆಗೆ ನಾಚಿಕೆ.

ನಮ್ಮ ಮ್ಯಾನೇಜರ್ ವೆಂಕಟೇಶಯ್ಯನವರಿಗೆ ಕರಪತ್ರಗಳ ಮೇಲೆ ನಂಬಿಕೆ. ‘ನಿಮ್ಮ ಸುರಕ್ಷೆ ನಿಮ್ಮ ಕೈಯಲ್ಲಿ’ ಎಂದು ಹಳದಿ ಕಾಗದದಲ್ಲಿ ಅಚ್ಚು ಹಾಕಿಸಿದ್ದರು. ಅವು ಡಬ್ಬಿಗಳ ಕೆಳಗೆ ಹಾಸಲು ಬಳಕೆಯಾಗುತ್ತಿದ್ದವು. ಎಲ್ಲೋ ಒಂದು ಅಡುಗೆಮನೆಗೆ ಬೆಂಕಿ ಬಿತ್ತು ಎಂಬ ಸುದ್ದಿ ಹಬ್ಬಿದರೆ ಮಾತ್ರ ಏಜೆನ್ಸಿ ಮುಂದೆ ಸಾಲು ನಿಲ್ಲುತ್ತಿತ್ತು. ಹದಿನೈದು ದಿನ ಕಳೆದರೆ ಸಾಲೂ ಇಲ್ಲ, ಭಯವೂ ಇಲ್ಲ. ಟ್ಯೂಬುಗಳು ಮಾತ್ರ ಅವೇ.

ಇನ್ನು ನಮ್ಮ ತಪಾಸಣೆ ಚೀಟಿ. ಅದರಲ್ಲಿ ಮೂರು ಚೌಕಗಳಿದ್ದವು: ‘ಸರಿ ಇದೆ’, ‘ಬದಲಾಯಿಸಲಾಗಿದೆ’, ‘ಗ್ರಾಹಕರು ನಿರಾಕರಿಸಿದ್ದಾರೆ’. ಮೊದಲ ಎರಡಕ್ಕೆ ಒಂದು ಗುರುತು ಹಾಕಿದರೆ ಮುಗಿಯಿತು. ಮೂರನೆಯದಕ್ಕೆ ಗುರುತು ಹಾಕಿದರೆ ಬೇರೆ ಪತ್ರ ಬರೆದು, ಕಾರ್ಬನ್ ಇಟ್ಟು, ಗ್ರಾಹಕರ ಸಹಿ ತಂದು, ವೆಂಕಟೇಶಯ್ಯನವರ ಮೇಜಿನ ಮುಂದೆ ನಿಂತು ಕಾರಣ ಹೇಳಬೇಕು. ‘ನಾಳೆ’ ಎನ್ನುವುದಕ್ಕೆ ಆ ಚೀಟಿಯಲ್ಲಿ ಚೌಕವೇ ಇರಲಿಲ್ಲ.

ಬಿಟಿಎಂ ಲೇಔಟಿನ ಆ ಮನೆ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ. ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆಗಿದ್ದವರು. ಗಂಡ ಕೊರಿಯರ್ ಆಫೀಸಿನಲ್ಲಿ. ಹೆಂಡತಿ ಶಿವಲೀಲಾ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಸುತ್ತಮುತ್ತಲಿನ ತಮ್ಮ ಕಡೆಯವರಿಗೆ ಕೊಡುತ್ತಿದ್ದಳು. ಜೊತೆಗೆ ಅತ್ತೆ ಗಂಗವ್ವ. ನಾನು ಹೋದಾಗ ಹಂಚು ಕಾದಿತ್ತು, ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು.

ಸ್ಟೌ ಹಿಂದೆ ಕೈ ಹಾಕಿ ಟ್ಯೂಬನ್ನು ಸ್ವಲ್ಪ ಬಗ್ಗಿಸಿದೆ. ಸ್ಟೌಗೆ ಸೇರುವ ತುದಿಯಲ್ಲಿ ಕೂದಲಿನಷ್ಟು ತೆಳ್ಳಗೆ ಎರಡು ಸೀಳು ಕಂಡವು. ಇದನ್ನು ನೀವು ಗಮನದಲ್ಲಿಡಬೇಕು. ಸೀಳನ್ನು ನಾನು ಕಂಡೆ. ಅನುಮಾನವಲ್ಲ, ಕಣ್ಣಾರೆ ಕಂಡೆ.

“ಟ್ಯೂಬ್ ಬದಲಾಯಿಸ್ಲಾ?” ಎಂದು ಕೇಳಿದೆ. ಸೀಳಿದೆ ಎಂದು ಹೇಳಲಿಲ್ಲ. ಎಲ್ಲ ಮನೆಯಲ್ಲೂ ಹಾಗೇ ಕೇಳುತ್ತಿದ್ದೆ, ಬಾಯಿಗೆ ಅದೇ ಬಂತು.

“ಈಗ ಹಂಚ ಕಾದೈತ್ರಿ ಅಕ್ಕಾರ, ಇನ್ನಾ ಇಪ್ಪತ್ತ ರೊಟ್ಟಿ ಅದಾವ. ನಾಳಿ ಬರ್ರಲ್ಲ,” ಅಂದಳು. “ಮೊದ್ಲ ಈ ರೊಟ್ಟಿ ತಿನ್ರಿ, ಬಿಸಿ ಐತಿ.”

ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಚಮಚ ಮೊಸರು. ನಿಂತುಕೊಂಡೇ ತಿಂದೆ. ಆ ಬೀದಿಯಲ್ಲಿ ಇನ್ನೂ ಐದು ಮನೆ ಬಾಕಿಯಿತ್ತು. ಚೀಟಿ ತೆಗೆದೆ. ರೊಟ್ಟಿ ಕೊಟ್ಟ ಕೈಯಿಂದ ನಿರಾಕರಣೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಹೇಗೆ? ನಾಳೆ ಹೇಗೂ ಬರುತ್ತೇನಲ್ಲ ಎಂದುಕೊಂಡು ‘ಸರಿ ಇದೆ’ ಚೌಕದಲ್ಲಿ ಗುರುತು ಹಾಕಿ ಕೊಟ್ಟೆ.

ಮರುದಿನ ನನ್ನನ್ನು ಚಿಕ್ಕಲಸಂದ್ರಕ್ಕೆ ಹಾಕಿದರು. ಅದರ ಮರುದಿನವೂ ಅಲ್ಲೇ. ಮೂರನೆಯ ದಿನ ಭಾನುವಾರ. ಆ ಸೀಳು ಮನಸ್ಸಿಗೆ ಬಾರದೇ ಇರಲಿಲ್ಲ, ಬಂದಾಗಲೆಲ್ಲ ಅದರ ಪಕ್ಕದಲ್ಲೇ ‘ನಾಳೆ’ ಕೂತಿರುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮಡಿವಾಳದಲ್ಲಿ ಒಂದು ದೂರು ಮುಗಿಸಿ ಪುಟ್ಟಸ್ವಾಮಣ್ಣನ ಜೊತೆ ಹೊರಟಿದ್ದೆ. “ಒಂದ್ ಕಾಫಿ ಕುಡ್ಕೊಂಡು ಹೋಗಿ ಗಿರಿಜಮ್ಮ,” ಅಂದರು. ದರ್ಶಿನಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಬೇಡ ಬಿಡಿ, ಇಲ್ಲೇ ಒಂದು ಟ್ಯೂಬ್ ಬಾಕಿ ಇದೆ, ಹಾಕಿ ಹೋಗ್ತೀನಿ,” ಅಂದೆ. ಆ ಹೋಟೆಲಿನಲ್ಲಿ ಅವತ್ತು ನಾಲ್ಕು ಜನ ಕಡಿಮೆಯಿದ್ದಿದ್ದರೆ? ಇದನ್ನು ನಾನು ಯೋಚಿಸಬಾರದು ಅಂದುಕೊಳ್ಳುತ್ತೇನೆ. ಆದರೂ ಯೋಚಿಸುತ್ತೇನೆ. ಒಂದು ಲೋಟ ಕಾಫಿಗೆ ಎಷ್ಟು ನಿಮಿಷ ಬೇಕು ಎಂದು ಎಷ್ಟೋ ಸಲ ಗಡಿಯಾರ ನೋಡಿಕೊಂಡೇ ಕುಡಿದಿದ್ದೇನೆ.

ಆಗ ದಿನವೂ ಮಧ್ಯಾಹ್ನ ಕರೆಂಟ್ ತೆಗೆಯುತ್ತಿದ್ದರು. ಆ ಭಾಗದಲ್ಲಿ ಎರಡಕ್ಕೆ ಹೋದರೆ ನಾಲ್ಕಕ್ಕೆ ಬರಬೇಕು. ನಾನೊಬ್ಬಳೇ ಶಿವಲೀಲಾಳ ಮನೆಯ ಮೆಟ್ಟಿಲು ಹತ್ತುವಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಮೆಟ್ಟಿಲ ತಿರುವಿನಲ್ಲೇ ವಾಸನೆ ಹೊಡೆಯಿತು.

ಬಾಗಿಲು ತೆಗೆದ ಶಿವಲೀಲಾ ನಗುತ್ತಿದ್ದಳು. “ಬರ್ರಿ ಅಕ್ಕಾರ. ನಾಳಿ ಅಂದ್ರ ನಿಮ್ಮ ಬೆಂಗಳೂರಾಗ ನಾಕ್ ದಿನಾ ಏನ್ರಿ?”

“ವಾಸನೆ ಬರ್ತಿಲ್ವಾ ನಿಮಗೆ?”

“ಊಟ ಆದಾಗಿಂದ ಒಂಚೂರು ಬರಾಕತ್ತೈತ್ರಿ. ಸ್ಟೌ ಸರಿಸಿ ಅಡಗಿ ಕಟ್ಟಿ ತೊಳದ್ನಿ, ಆವಾಗಿಂದ. ಸಿಲಿಂಡರ್ ಮುಗಿಯಾಕ ಬಂದ್ರ ಹಂಗಽ ಅಂತ್ರಿ, ಬಾಜೂ ಮನಿಯವ್ರ ಅಂದ್ರು.” ಒಳಗೆ ತಿರುಗಿದಳು. “ಕೂಡ್ರಿ, ಚಾ ಇಡ್ತೀನಿ.”

ಹೇಳುತ್ತಲೇ ಮೊಳೆಗೆ ತೂಗುಹಾಕಿದ್ದ ಲೈಟರನ್ನು ಕೈಗೆ ತೆಗೆದುಕೊಂಡಳು.

ಕೂಗಲು ಹೊತ್ತಿರಲಿಲ್ಲ. ಅವಳ ಹೆಬ್ಬೆರಳು ಲೈಟರಿನ ಗುಂಡಿಯ ಮೇಲೆ ಕೂತಿತ್ತು. ಎರಡು ಹೆಜ್ಜೆಗೆ ಅಡುಗೆಮನೆ ದಾಟಿ ಅವಳ ಮಣಿಕಟ್ಟನ್ನು ಹಿಡಿದು ತಿರುಚಿದೆ. ಬಳೆಗಳು ಒಡೆದವು. ಲೈಟರ್ ನೆಲಕ್ಕೆ ಬಿತ್ತು. ಅದು ಬೀಳುವಷ್ಟು ಹೊತ್ತು, ಬಿದ್ದು ಒಂದು ಸಲ ಪುಟಿದು ಮತ್ತೆ ಬೀಳುವಷ್ಟು ಹೊತ್ತು, ಗುಂಡಿ ಅದುಮಿಕೊಂಡರೆ ಏನು ಗತಿ ಎಂದು ನೋಡುತ್ತ ನಿಂತಿದ್ದೆ. ಇವತ್ತಿಗೂ ಸ್ಟೀಲಿನ ಚಮಚ ಬಿದ್ದ ಸದ್ದಾದರೆ ಮೈ ಸೆಟೆಯುತ್ತದೆ.

“ಯಾಕ್ರೀ! ಹುಚ್ಚ ಹಿಡದೈತೇನ್ ನಿಮಗ?” ಎಂದು ಅವಳು ಕೈ ಕೊಸರಿಕೊಂಡಳು.

“ಗ್ಯಾಸ್ ಸೋರ್ತಿದೆ. ಏನೂ ಮುಟ್ಬೇಡಿ. ಹೊರಗೆ ನಡೀರಿ.”

ಬಾಗಿ ಸಿಲಿಂಡರಿಗೆ ಕೈ ಹಾಕಿದೆ. ರೆಗ್ಯುಲೇಟರಿನ ಗುಂಡಿ ಯಾವ ಕಡೆ ತಿರುಗಿಸಬೇಕು? ನೂರಾರು ಹೆಂಗಸರಿಗೆ ತೋರಿಸಿಕೊಟ್ಟವಳು ನಾನು. ಆ ಹೊತ್ತಿನಲ್ಲಿ ಎಡವೋ ಬಲವೋ ತೋಚಲೇ ಇಲ್ಲ. ಒಂದು ಕಡೆ ತಿರುಗಿಸಿದೆ, ತಿರುಗಲಿಲ್ಲ. ಇನ್ನೊಂದು ಕಡೆ ತಿರುಗಿಸಿದೆ, ಟಕ್ ಎಂದಿತು. ಬಾಗಿದಾಗ ಮುಖಕ್ಕೆ ತಣ್ಣಗೆ ವಾಸನೆ ರಾಚಿತು. ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ ಎಂದ ಇಂಜಿನಿಯರರ ಚಿತ್ರ ಕಣ್ಣ ಮುಂದೆ ಬಂತು. ಆಗಲೇ ನೋಡಿದ್ದು: ಅಡುಗೆಮನೆಯ ಹೊಸ್ತಿಲ ಆಚೆ, ಚಾಪೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ ಗಂಗವ್ವ ಮಲಗಿದ್ದರು.

ಇಬ್ಬರೂ ಸೇರಿ ಎಬ್ಬಿಸಿದೆವು. ನಿದ್ದೆಯ ಮಂಪರೋ ಗ್ಯಾಸಿನ ಮಂಪರೋ, ಕಾಲು ನಿಲ್ಲುತ್ತಿರಲಿಲ್ಲ. “ಏನವಾ, ಮನಿಗೆ ಬೆಂಕಿ ಬಿದ್ದೈತೇನು?” ಎಂದು ಗೊಣಗಿದರು.

“ಇನ್ನೂ ಇಲ್ಲಜ್ಜಿ, ಬೇಗ ಬನ್ನಿ,” ಅಂದೆ.

ಅವರನ್ನು ಮೆಟ್ಟಿಲಿಗೆ ಬಿಟ್ಟು ತಿರುಗಿ ಬಂದು ಕಿಟಕಿಯ ರಟ್ಟನ್ನು ಕಿತ್ತೆ. ಸೊಳ್ಳೆಗೆಂದು ಅಡ್ಡ ಹಾಕಿ ಮೊಳೆ ಹೊಡೆದಿದ್ದರು. ಉಗುರು ಕಿತ್ತು ಬಂತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಫ್ರಿಡ್ಜ್ ಕಂಡಿತು. ಕರೆಂಟ್ ಬಂದ ಕ್ಷಣ ಅದು ತಾನಾಗಿ ಶುರುವಾಗುತ್ತದೆ. ಒಳಗೆ ಕಿಡಿ ಹಾರುತ್ತದೆ. ನಾಲ್ಕಕ್ಕೆ ಇನ್ನು ಎಷ್ಟು ನಿಮಿಷ? ಪ್ಲಗ್ಗಿಗೆ ಕೈ ಹಾಕಿದೆ. ಕೀಳುವಾಗಲೇ ಕರೆಂಟ್ ಬಂದುಬಿಟ್ಟರೆ? ಕೈ ತೆಗೆದೆ. ಮತ್ತೆ ಹಾಕಿದೆ. ಮತ್ತೆ ತೆಗೆದೆ. ಎಷ್ಟು ಸಲ ಹಾಗೆ ಮಾಡಿದೆನೋ ನೆನಪಿಲ್ಲ. ಮೇನ್ ಸ್ವಿಚ್ ಹೊರಗೆ, ಗೇಟಿನ ಪಕ್ಕದ ಗೋಡೆಯಲ್ಲಿ, ಬಯಲು ಗಾಳಿಯಲ್ಲಿದೆ ಎನ್ನುವುದು ಕೊನೆಗೂ ಹೊಳೆಯಿತು. ಓಡಿದೆ. ಹಿಡಿಯನ್ನು ಕೆಳಗೆಳೆದೆ.

ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರಿನ ಹಿಟ್ಟಿನ ಗಿರಣಿ ಗರ್ ಎಂದು ಶುರುವಾಯಿತು. ಕರೆಂಟ್ ಬಂದಿತ್ತು. ವಾಚು ನೋಡಿದೆ. ನಾಲ್ಕಕ್ಕೆ ಇನ್ನೂ ಎಂಟು ನಿಮಿಷವಿತ್ತು.

ರಸ್ತೆಯಲ್ಲೇ ಕೂತುಬಿಟ್ಟೆ. ಅಕ್ಕಪಕ್ಕದವರು ಸೇರಿದರು. ಕೆಳಗಿನ ಮನೆಯವರೊಬ್ಬರು ನನಗೆ ನೀರು ಕೊಟ್ಟು ಸಮಾಧಾನ ಹೇಳಿದರು: “ನೋಡಿ ಮೇಡಂ, ಏನೂ ಆಗ್ಲಿಲ್ವಲ್ಲ. ಸುಮ್ನೆ ಗಾಬರಿ ಬೀಳ್ತೀರ.” ಅವರು ಅವತ್ತು ಕಲಿತ ಪಾಠ ಅದೇ: ಗ್ಯಾಸ್ ಸೋರಿದರೂ ಏನೂ ಆಗುವುದಿಲ್ಲ. ನನ್ನ ಎದೆಯಲ್ಲಿ ಆ ಮನೆ ಆಗಲೇ ಒಂದು ಸಲ ಉರಿದು ಹೋಗಿತ್ತು.

ಗ್ಯಾಸೆಲ್ಲ ಹೊರಹೋದ ಮೇಲೆ ಹೊಸ ಟ್ಯೂಬು ಹಾಕಲು ಒಳಗೆ ಹೋದೆ. ಕೂದಲೆಳೆಯ ಸೀಳು ಬೆರಳಗಲ ಬಾಯಿ ಬಿಟ್ಟಿತ್ತು.

“ವಾಸನೆ ಬಂದ ತಕ್ಷಣ ಯಾಕೆ ಫೋನ್ ಮಾಡ್ಲಿಲ್ಲ?” ಎಂದು ಗದರಿದೆ.

ಶಿವಲೀಲಾ ಗೋಡೆ ತೋರಿಸಿದಳು. ಕ್ಯಾಲೆಂಡರಿನ ಪಕ್ಕ, ಅನ್ನದ ಅಗುಳಿನಿಂದ ಅಂಟಿಸಿದ ನನ್ನ ಚೀಟಿ. “ನೀವು ಸರಿ ಐತಿ ಅಂತ ಬರದ್ ಕೊಟ್ಟೀರಲ್ರಿ,” ಅಂದಳು.

ಆಫೀಸಿಗೆ ಹೋಗಿ ವೆಂಕಟೇಶಯ್ಯನವರಿಗೆ ನಡೆದದ್ದನ್ನು ಹೇಳಿದೆ. ಸೀಳು ಕಂಡೂ ಗುರುತು ಹಾಕಿದೆ ಎಂಬುದನ್ನೂ ಹೇಳಿದೆ. ಅವರು ಬಾಗಿಲು ಹಾಕಿ ಬಂದು, ಚೀಟಿಯ ನಕಲನ್ನು ತಿರುಗಿಸಿ ನೋಡಿ, “ಫಾರಂ ಸರಿಯಾಗೇ ಇದೆಯಲ್ಲಮ್ಮ. ಏನೂ ಆಗಿಲ್ಲ. ಎರಡು ದಿನ ರಜೆ ಹಾಕಿ ಮಲ್ಕೋ,” ಅಂದರು. ಮಲಗಿದರೆ ಕಣ್ಣ ಮುಂದೆ ಲೈಟರ್ ಬೀಳುತ್ತಿತ್ತು.

ಕೆಲವು ವರ್ಷಗಳ ನಂತರ, ಹೊಸ ದಶಕ ಶುರುವಾದ ಮೇಲೆ, ಜೆ.ಪಿ. ನಗರದ ಒಂದು ಮನೆಯ ಬಾಗಿಲು ತೆರೆದವರು ಶ್ಯಾಮಲಾ ಮೇಡಂ. ಗುರುತು ಹಿಡಿದು ಒಳಗೆ ಕರೆದರು. ಅವರ ಟ್ಯೂಬಿಗೆ ಏಳು ವರ್ಷ.

“ಮೇಡಂ, ನೀವೇ ಹೀಗಾದ್ರೆ? ಆ ತಕ್ಕಡಿ ಎಲ್ಲಿ ಹೋಯ್ತು?”

ಅವರು ಜೋರಾಗಿ ನಕ್ಕರು. “ತಕ್ಕಡೀನ ಬೋರ್ಡ್ ಮೇಲೇ ಬಿಟ್ಟು ಬಂದೆ ಕಣೇ. ನಿಮಗೆಲ್ಲ ಅರ್ಧ ಪಾಠ ಮಾಡಿದ್ದೆ. ಇನ್ನರ್ಧಕ್ಕೆ ಈಗ ವರ್ತನಾ ಅರ್ಥಶಾಸ್ತ್ರ ಅಂತ ಹೆಸರಿಟ್ಟಿದ್ದಾರೆ.”

ಅವತ್ತು ಅವರ ಅಡುಗೆಮನೆಯಲ್ಲಿ ನಿಂತು ಒಂದು ಗಂಟೆ ಪಾಠ ಕೇಳಿದೆ. ಇವತ್ತಿನ ಸಣ್ಣ ಕಿರಿಕಿರಿ ಮನುಷ್ಯನಿಗೆ ನಾಳಿನ ದೊಡ್ಡ ಅಪಾಯಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇರುವುದನ್ನು ಇದ್ದ ಹಾಗೇ ಬಿಡುವುದು ಅವನಿಗೆ ತೀರ್ಮಾನ ಅಂತಲೇ ಅನ್ನಿಸುವುದಿಲ್ಲ. ಅಕ್ಕಪಕ್ಕದವರು ಏನು ಮಾಡಿದರು ಎಂದು ನೋಡುತ್ತಾನೆ. ಇತ್ತೀಚೆಗೆ ಕಿವಿಗೆ ಬಿದ್ದ ಸುದ್ದಿಯಿಂದ ಅಪಾಯವನ್ನು ಅಳೆಯುತ್ತಾನೆ. ಏಜೆನ್ಸಿ ಮುಂದಿನ ಸಾಲು, ಹೆಗಲ ಮೇಲಿನ ಟ್ಯೂಬು, ‘ಇಷ್ಟು ವರ್ಷ ಏನೂ ಆಗಿಲ್ಲ’, ನನ್ನ ‘ನಾಳೆ’, ಎಲ್ಲವೂ ಅದರೊಳಗಿತ್ತು. ಪೆದ್ದರು ಹೀಗೆ ಮಾಡುತ್ತಾರೆ ಅಂತಲ್ಲ, ಎಲ್ಲರ ತಲೆ ಓಡುವುದೇ ಹೀಗೆ ಅಂದರು. “ಇನ್ನೊಂದು ಹೇಳ್ತೀನಿ, ನಿನ್ನ ಕೆಲಸಕ್ಕೆ ಬೇಕಾಗತ್ತೆ. ಪ್ರಶ್ನೆ ಹೇಗೆ ಕೇಳ್ತೀಯೋ ಅದರಲ್ಲೇ ಅರ್ಧ ಉತ್ತರ ಇರತ್ತೆ.”

ಮರುದಿನದಿಂದ ಕೇಳುವುದನ್ನು ಬಿಟ್ಟೆ. ಟ್ಯೂಬು ಕೆಟ್ಟಿದ್ದರೆ ಮೊದಲು ರೆಗ್ಯುಲೇಟರ್ ಮುಚ್ಚಿ, ಕಿತ್ತು, ಬಗ್ಗಿಸಿ ಸೀಳು ತೋರಿಸುತ್ತಿದ್ದೆ. ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದು, “ಈ ಹಳೇದನ್ನೇ ವಾಪಸ್ ಹಾಕ್ಬೇಕಾ ಮೇಡಂ?” ಅನ್ನುತ್ತಿದ್ದೆ. ಹಾಕಿ ಎಂದವರು ಬಹಳ ಕಡಿಮೆ. ಅದೇ ಜನ, ಅದೇ ಟ್ಯೂಬು. ಚೀಟಿಯಿಂದ ‘ಸರಿ ಇದೆ’ ಚೌಕ ತೆಗೆಸಲು ಮಾತ್ರ ವೆಂಕಟೇಶಯ್ಯನವರ ಹಿಂದೆ ಎರಡು ವರ್ಷ ಬೀಳಬೇಕಾಯಿತು. ಆಮೇಲೆ ನೋಡಿದ್ದನ್ನು ಕೈಯಾರೆ ಬರೆಯುವ ಖಾಲಿ ಗೆರೆ ಬಂತು. ಬರೆಯಬೇಕೆಂದರೆ ನೋಡಲೇಬೇಕು.

ಇದರಲ್ಲೂ ಹೆದರುವಂಥದ್ದಿದೆ. ನಮ್ಮ ಏಜೆನ್ಸಿಯವರಂತೆ ಬ್ಯಾಗು ಹಿಡಿದು ಬಂದ ಇಬ್ಬರು, ನಾನು ಮಾಡುವಂತೆಯೇ ಟ್ಯೂಬು ಕಿತ್ತು, ಕಳಪೆ ಟ್ಯೂಬು ಹಾಕಿ ಒಂದಿಡೀ ಬೀದಿಗೆ ಮೋಸ ಮಾಡಿ ಹೋದರು. ಜನರ ತಲೆ ಹೇಗೆ ಓಡುತ್ತದೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಹೊಸಬರಿಗೆ ಹೇಳುತ್ತೇನೆ: ಸೀಳನ್ನು ಗ್ರಾಹಕರ ಕಣ್ಣಿಗೆ ತೋರಿಸದೆ ಟ್ಯೂಬು ಕೀಳಬೇಡಿ.

ನಿವೃತ್ತಿಯ ತಿಂಗಳಲ್ಲಿ ಶಿವಲೀಲಾಳ ಮನೆಗೆ ಹೋದೆ. ಆಗ ಅವರು ಚಿಕ್ಕಲಸಂದ್ರದಲ್ಲಿದ್ದರು. ಗಂಗವ್ವ ತೀರಿಕೊಂಡಿದ್ದರು, ವಯಸ್ಸಾಗಿ, ತಮ್ಮ ಹಾಸಿಗೆಯಲ್ಲಿ. ಶಿವಲೀಲಾ ಪಕ್ಕದ ಮನೆಯವರನ್ನು ಕರೆದು, “ನಮ್ಮ ಜೀವಾ ಉಳಿಸಿದ ಅಕ್ಕಾರ ಇವರಽ,” ಎಂದು ಪರಿಚಯ ಮಾಡಿಸಿದಳು. ಅವರು ಹೋದರು. ಆಮೇಲೆ, ಇಷ್ಟು ವರ್ಷ ಅವಳಿಗೆ ಹೇಳದೇ ಇದ್ದದ್ದನ್ನು ಹೇಳಿದೆ.

“ಶಿವಲೀಲಾ, ಮೊದಲನೇ ದಿನಾನೇ ಆ ಟ್ಯೂಬ್ ಸೀಳಿತ್ತು. ನಾನು ನೋಡಿದ್ದೆ. ನೋಡೀನೂ ಸರಿ ಇದೆ ಅಂತ ಬರೆದೆ.”

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಸೀಳಿದ್ದು ನನಗೂ ಗೊತ್ತಿತ್ರಿ ಅಕ್ಕಾರ,” ಅಂದಳು. “ದಿನಾ ಒರಸಾಕಿ ನಾನಽ ಅಲ್ಲೇನ್ರಿ. ನಾನೂ ನೋಡಿದ್ನಿ. ನೀವು ಬಗ್ಗಿಸಿ ನೋಡಿ, ‘ಬದಲಾಯಿಸ್ಲಾ’ ಅಂತ ಕೇಳಿದ್ರಿ. ಜೀವದ ಮಾತಾಗಿದ್ರ ಕೇಳ್ತಿದ್ರೇನ್ರಿ, ಬೈದು ಹಾಕ್ತಿದ್ರಿ. ಕೇಳಿದ್ರಲ್ಲ, ಅವಸರಿಲ್ಲ ಅಂದ್ಕೊಂಡ್ನಿ. ಸರಿ ಐತಿ ಅಂತ ಬ್ಯಾರೆ ಬರದ್ರಿ. ಓದಿದಾಕಿ ಬರದಾಳ, ನನ್ನ ಕಣ್ಣಽ ಸರಿ ಇಲ್ಲ ಅಂದ್ಕೊಂಡು ಸುಮ್ನಾದ್ನಿ.”

ಹಾಗೆಂದು, ಚಹಾಕ್ಕೆ ನೀರಿಡಲು ಎದ್ದಳು. ಲೈಟರ್ ಕೈಗೆ ತೆಗೆದುಕೊಂಡವಳು ನಿಂತು, ನನ್ನ ಕಡೆ ತಿರುಗಿದಳು.

“ಹಚ್ಚಲೇನ್ರೀ?” ಎಂದು ಕೇಳಿದಳು.

ನಾನು ಎದ್ದು ಹೋಗಿ ಟ್ಯೂಬನ್ನು ಬಗ್ಗಿಸಿ ನೋಡಿದೆ. ಅವಳ ಕೈ ಹಿಡಿದು, ಅವಳಿಂದಲೂ ಬಗ್ಗಿಸಿ ನೋಡಿಸಿದೆ. ಆಮೇಲೆ ಹಚ್ಚಿದಳು.